ಪೇಶಂಟ್ ಇವರ್ರಿ, ನಾ ಅಲ್ಲ

…ಅಲ್ರೀ ಡಾಕ್ಟರ್ ಬಾಯಾರ, ನೀವು ನನ್ನ ಯಾಕ ನೋಡಾಕತ್ತೀರಿ? ಪೇಶಂಟ್ ಇವರ್ರಿ. ಇವರು, ನಮ್ಮನಿಯವರು! ನಾ ಬರೇ ಕರಕೊಂಡ ಬಂದಾಕಿ. ಆ ಬಾಟ್ಲಿನೂ ಇವರದ ಐತಿ. ಮುಂಜಾನೆ ಎದ್ದಕೂಡಲೆ ಹಿಡದೇನಿ… ಹೋದ ಸಲ ನೀವ ಹೇಳಿದಂಗ, ಮೊದಲಿಂದು ಬಿಟ್ಟು, ನಡುವಿಂದು ಹಿಡದು, ಮುಚ್ಚಳಾ ಗಟ್ಟಿ ಮಾಡಿ, ಕೈಚೀಲದಾಗ ಇಟ್ಕೊಂಡು ಸೀದಾ ಖಲೀಲನ ಆಟೋ ಹತ್ತೇನಿ. ಬರ್ಕೋರಿ. ಹೆಸರು ಅದ… ಧರೆಪ್ಪ. ನೋಡ್ರಿ, ಈ ವಯಸ್ಸಿನ್ಯಾಗೂ ಗಂಡನ ಹೆಸರ ಹೇಳಾಕ ನಾಲಿಗಿ ತಡವರಸ್ತೈತಿ!

ಹೂಂ, ಮತ್ತ ಅದರಿ, ಒಂದಕ್ಕ ಹೋಗೂಮುಂದ. ಉರಿ. ಹೋತು ಅನ್ನೂದ್ರಾಗ ಮತ್ತ ಬಂದೈತಿ.

ಏ… ಏ, ಅದನ್ನ ಮುಟ್ಟಬ್ಯಾಡ್ರಿ! ಇಡ್ರಿ ಕೆಳಗ. ಬಾಯಾರ ಪೆನ್ನು ಅದು, ನಿಮ್ಮದಲ್ಲ. ಕುಂದರ್ರಿ. ಇಲ್ಲೆ, ನನ್ನ ಬಾಜೂಕ. …ತಪ್ಪ ತಿಳೀಬ್ಯಾಡ್ರಿ ಬಾಯಾರ. ಪೆನ್ನು ಕಂಡ್ರ ಕಿವಿಗಿ ಸಿಗಸ್ಕೋತಾರ. ಕಂಡಕ್ಟರ್ ಇದ್ದವರಲ್ರಿ… ಮುದ್ದೇಬಿಹಾಳ ಡಿಪೋದಾಗ ಇವರನ್ನ ಕೇಳ್ರಿ, ಹಳೇ ಮಂದಿ ಎಲ್ಲಾ ಹೇಳ್ತಾರ. ಮರವಿನ ಬ್ಯಾನಿ ಬಂದು ಎಲ್ಲಾ ತಿಂದು ಹಾಕ್ತು, ಮಗಳ ಮದುವಿ ಆಗಿದ್ದನ್ನೂ ತಿಂತು. ಈ ಪೆನ್ನ ಸಿಗಸೂದನ್ನ ಮಾತ್ರ ಬಿಟ್ಟೈತಿ.

ನಗ್ರಿ, ನಗ್ರಿ. ನೀವು ನಕ್ರ ನನಗೂ ಜೀವಕ್ಕ ಹಗರ ಅನಸ್ತೈತಿ.

ಏನಂದ್ರಿ? ಉರಿ ಹೆಂಗ ಐತಂತಾ?

ಏನ ಹೇಳ್ಲಿ ಬಾಯಾರ! ಖಾರದಪುಡಿ ಕಲಿಸಿದ ನೀರು ಹರದಂಗ. ಸುರು ಆಗೂಮುಂದ ಸ್ವಲ್ಪ ಇರ್ತೈತಿ, ಕಡೀಕ ಬಂದಾಗ… ಅಯ್ಯಯ್ಯ, ಒಳಗ ಸೂಜಿ ತಗೊಂಡು ಹೊಲದಂಗ. ಹಲ್ಲ ಕಚ್ಚಿ ಗ್ವಾಡಿ ಹಿಡಕೋಬೇಕು. ಆತು, ಮುಗೀತು ಅಂತ ಎದ್ದ ಬಂದ್ರ ಮತ್ತ ಬಂದಂಗ! ಓಡಿ ಹೋಗಿ ಕುಂತ್ರ ನಾಕ ಹನಿ. ಕಿಬ್ಬೊಟ್ಟಿ ಹಿಂಡತೈತಿ, ಅರಬಿ ಹಿಂಡಿದಂಗ. ಮತ್ತ ಈ ಸಲ ಇಲ್ಲೆರಿ… ಬೆನ್ನಿನ ಬಾಜೂಕ, ಪಕ್ಕಡಿ ಎಲುವಿನ ಕೆಳಗ… ಇಲ್ಲೆ, ಒಳಗಿಂದ ಗುದ್ದಿದಂಗ…

…ಯಾಕ್ರಿ? ಬರಿಯೂದು ಯಾಕ ನಿಲ್ಲಿಸಿದ್ರಿ?

ಹಾಂ… ಹೌದ್ರಿ. ಅವರು ಹಂಗೆಲ್ಲಾ ಹೇಳೂದಿಲ್ಲ, ಖರೆ. ಈಗ ಅವರ ಬಾಯಾಗ ಮಾತ ಎಲ್ಲೆ ಉಳದಾವು? ಆದ್ರ ಮಾರಿ ನೋಡಿದ್ರ ಗೊತ್ತಾಗೂದಿಲ್ಲೇನ್ರಿ? ಇಷ್ಟ ವರ್ಷ ಸಂಸಾರ ಮಾಡಿದಾಕಿ ನಾ. ಮಾರಿ ಕಿವಚಿದ್ರ ಉರಿ, ನಡಾ ಹಿಡಕೊಂಡ್ರ ಬ್ಯಾನಿ. ಅಷ್ಟ ತಿಳೀತೈತಿ ನನಗ. …ನನ್ನ ಕೈ ಯಾಕ ನೋಡ್ತೀರಿ? ಓ, ಇದಾ… ಸುಮ್ನ ಇಟ್ಕೊಂಡೇನಿ ನಡದ ಮ್ಯಾಲ. ಆಟೋದಾಗ ಕುಲಕಾಡಿ ನಡಾ ಹಿಡದೈತಿ. ಗೊತ್ತೈತೆಲ್ಲಾ ನಮ್ಮ ರಸ್ತೆ!

ಮುಟ್ಟಿ ನೋಡ್ರಿ, ಅವರ ಹಣಿ ಮುಟ್ಟಿ ನೋಡ್ರಿ. ಸುಮ್ ಕುಂದರ್ರಿ ನೀವು, ಬಾಯಾರು ನೋಡಾಕತ್ತಾರ… ತಣ್ಣಗ ಐತ್ಯಾ? ಈಗ ತಣ್ಣಗ ಆಗೇತಿ ಬಿಡ್ರಿ. ನಸಕಿನ್ಯಾಗ ಬಂದಿತ್ತು ಜ್ವರ. ಗಡಗಡ ನಡಗಿಸಿ ಬಂತು, ಎರಡ ಕೌದಿ ಹೊಚ್ಚಿದ್ರೂ ನಿಲ್ಲವಲ್ದು… ಅಂದ್ರ ಅವರಿಗಿ. ನಾ ಹೊಚ್ಚಿದೆ.

ಇಲ್ರಿ, ಬಡಬಡಸಿಲ್ಲ. ನಿದ್ದಿಗಣ್ಣಿನ್ಯಾಗೂ ಇಲ್ಲ. ಇಂಥಾವ್ರಿಗಿ ಮೂತ್ರದಾಗ ಸೋಂಕ ಆದ್ರ ತಲಿ ಒಮ್ಮಿಂದೊಮ್ಮೆಲೆ ಕೆಡತೈತಿ ಅಂತ ಹೋದ ಸಲಾನೂ ಹೇಳಿದ್ರಿ, ನೆನಪೈತಿ. ಹಂಗೇನಿಲ್ಲ. ಮುಂಜಾನೆ ರೊಟ್ಟಿ ತಿಂದ್ರು, ಪುಂಡಿಪಲ್ಯ ತಿಂದ್ರು, ಇನ್ನೊಂದ ರೊಟ್ಟಿ ತಾ ಅಂತ ತಾಟ ಬಡದ್ರು… ಹಂಗಂದ್ರ… ಅದರಿ, ಜ್ವರ ಇಳದ ಮ್ಯಾಲ. ನೀವು ಹಿಂಗ ನೋಡಿದ್ರ ನನಗ ಮಾತ ತಪ್ಪತಾವ ಬಾಯಾರ!

ಗುಳಿಗಿ? ಕೊಟ್ಟೇನ್ರಿ. ಪೂರಾ… ಪೂರಾ ಅಂದ್ರ… ಉರಿ ನಿಂತಕೂಡಲೆ ಬಿಟ್ಟೆ. ಬಿಡಿಸಿದೆ. ಉಳದ ಗುಳಿಗಿ ಡಬ್ಬ್ಯಾಗ ಇಟ್ಟೆ, ಮುಂದ ಬೇಕಾಗ್ತಾವ ಅಂತ. ಸಿಟ್ಟಾಗಬ್ಯಾಡ್ರಿ! ಅರ್ಧಕ್ಕ ಬಿಟ್ರ ರೋಗ ಇನ್ನಷ್ಟ ಗಟ್ಟಿ ಆಗತೈತಿ, ಆಮ್ಯಾಲೆ ಯಾವ ಗುಳಿಗಿನೂ ನಾಟೂದಿಲ್ಲ… ಹೇಳಿದ್ರಿ. ನಾ ಇಲ್ಲ ಅನ್ನೂದಿಲ್ಲ. ಆದ್ರ ಪ್ರತಿ ಸಲ ಇವರನ್ನ ಎಬ್ಬಿಸಿ, ಜಳಕ ಮಾಡಿಸಿ, ಅಂಗಿ ಗುಂಡಿ ಹಚ್ಚಿ, ಆಟೋದಾಗ ಗಟ್ಟಿ ಹಿಡಕೊಂಡು ಬರೂದ್ರಾಗ ನನ್ನ ಜೀವ ಅರ್ಧ ಆಗತೈತಿ. ಅದಕ್ಕ ಮನ್ಯಾಗ ನಾಕ ಗುಳಿಗಿ ಇದ್ರ ಇರ್ಲಿ ಅಂದೆ. ಅವು ಈ ಸಲ ನಾಟಲಿಲ್ಲ. ಅದಕ್ಕಲಾ ಬಂದೇನಿ.

ಏನು? ಈಗ? ಇಲ್ಲೇ?

ಬ್ಯಾಡ್ರಿ! ಈ ಬಾಟ್ಲಿ ಐತೆಲ್ಲಾ! ಮುಂಜಾನಿಂದು, ಛಲೋ ಹಿಡದದ್ದು! ಮತ್ತೊಂದ ಯಾಕ? ಅವರೀಗ ಮನ್ಯಾಗ ಮಾಡಿ ಬಂದಾರ, ಬರೂದಿಲ್ಲ… ನಿಮ್ಮ ಕಂಪೌಂಡರ್ ಸೋಮನಿಂಗ ಹಿಡಸ್ತಾನಾ? ಇವರು ಹೊಸಬರ ಮಾತ ಕೇಳೂದಿಲ್ರಿ, ಕೈ ಎತ್ತತಾರ. ಸೋಮನಿಂಗಣ್ಣಾ, ಬ್ಯಾಡಪಾ, ನಿನಗ ಆಗೂದಿಲ್ಲ… ಅಯ್ಯ, ಎದ್ದಾ ಬಿಟ್ರು ನೋಡ್ರಿ! ನಾ ಕರದ್ರ ಕಲ್ಲ ಕುಂತಂಗ ಕುಂದರ್ತಾರ, ಅವ ಕೈ ಹಿಡದಕೂಡಲೆ ಹೊಂಟ್ರು!

ಸೋಮನಿಂಗಣ್ಣಾ, ಕೈ ಬಿಡಬ್ಯಾಡ ಮತ್ತ! ಬಿಟ್ಟೆಂದ್ರ ಹೊರಗ ಹೋಗಿಬಿಡ್ತಾರ! …ಬಾಯಾರ, ಹೊರಗಿನ ಬಾಗಲಾ ಹಾಕಿ ಐತೇನ್ರಿ? ನೋಡ್ರಿ ಒಮ್ಮೆ. ಯಾರಿಗರ ಹೇಳ್ರಿ. ಬಸ್‌ಸ್ಟ್ಯಾಂಡ್ ಇಲ್ಲೇ ಐತಿ, ಹಾರ್ನ್ ಕೇಳಸ್ತೈತಿ. ಅವರ ಕಿವಿಗಿ ಹಾರ್ನ್ ಬಿತ್ತಂದ್ರ ಮುಗೀತು.

ಇಲ್ರಿ, ಕುಂದರಂಗಿಲ್ಲ. ನಿಂದರ್ತೇನಿ. ಇಲ್ಲಿಂದ ಆ ಪಡಸಾಲಿ ಕಾಣ್ತೈತಿ.

ನಿಮಗೇನು ಗೊತ್ತು ಬಾಯಾರ, ಕಣ್ಣ ಮುಂದಿನ ಮನಶ್ಯಾ ಕಾಣದಂಗ ಆದ್ರ ಹೆಂಗ ಆಗತೈತಂತ! ಹೋದ ಬ್ಯಾಸಿಗ್ಯಾಗ ನಾ ಸಂಡಾಸಕ್ಕ ಹೋಗಿದ್ದೆ. ಅಷ್ಟ. ಹೋಗಿ ಬರೂದ್ರಾಗ ಬಾಗಲಾ ಹಾರಹೊಡದಿತ್ತು, ಮನಶ್ಯಾ ಇಲ್ಲ. ಓಣಿ ಪೂರಾ ಹುಡುಕಿದೆ. ಬಾಯಿ ಒಣಗಿತ್ತು, ಕಾಲಾಗ ಚಪ್ಪಲ್ ಇಲ್ಲ, ಟಾರ ರಸ್ತೆ ಸುಡಾಕತ್ತಿತ್ತು, ಅದೂ ಗೊತ್ತಾಗಲಿಲ್ಲ. ಎಪಿಎಂಸಿ ಮುಂದ ಲಾರಿಯವರನ್ನ ಕೇಳಿದೆ, ಕಾಲೇಜ ಹುಡುಗರನ್ನ ಕೇಳಿದೆ. ಯಾರೂ ನೋಡಿಲ್ಲ. ಕಡೀಕ ಬಸವನ ಬಾಗೇವಾಡಿಯಿಂದ ಫೋನ್ ಬಂತು. ಹಳೇ ಖಾಕಿ ಅಂಗಿ ಹಾಕ್ಕೊಂಡು ಬಸ್ ಹತ್ಯಾರ. ಹತ್ತಿ, ಮಂದಿ ಕಡೆ ಹೋಗಿ, ಟಿಕೀಟ್ರಿ, ಟಿಕೀಟ್ರಿ ಅಂತ ಕೈ ಚಾಚ್ಯಾರ! ಕೆಲವರು ಖರೇನ ರೊಕ್ಕಾ ಕೊಡಾಕ ಹೋಗ್ಯಾರ. ಆ ಕಂಡಕ್ಟರ್ ಇವರ ಕೈಯಾಗ ಕೆಲಸ ಕಲ್ತ ಹುಡುಗ ಅಂತ, ಗುರ್ತ ಹಿಡದು, ತನ್ನ ಸೀಟಿನ್ಯಾಗ ಕುಂದರಿಸಿ ಕರಕೊಂಡ ಬಂದ. ದೇವರಂಥಾವ.

ಈಗ ನಗಿ ಬರ್ತೈತಿ ನೋಡ್ರಿ, ನಿಮಗೂ ಬಂತಲ್ಲಾ. ಅವತ್ತ ಬರಲಿಲ್ಲ. ಆ ಬಸ್ ಅಲ್ಲದ ಬ್ಯಾರೆ ಬಸ್ ಹತ್ತಿದ್ರ? ಸಿಂದಗಿ ಕಡೆ, ಇಂಡಿ ಕಡೆ ಹೋಗಿ ಎಲ್ಲೆರ ನಡುರಸ್ತ್ಯಾಗ ಇಳದಿದ್ರ? ತಂಗಡಗಿ ಕಡೆ ಹೋಗಿ ಹೊಳೀಗಿ ಇಳದಿದ್ರ? ಕಣ್ಣ ಮುಚ್ಚಿದ್ರ ಅದ ಕಾಣ್ತೈತಿ ನನಗ, ಕೃಷ್ಣಾ ನೀರಾಗ ಖಾಕಿ ಅಂಗಿ… ಬ್ಯಾಡ, ಬ್ಯಾಡ. ಯಾಕ ಇನ್ನೂ ಬರಲಿಲ್ಲ ಸೋಮನಿಂಗ?

ನೀರಾ? ಬ್ಯಾಡ್ರಿ. ನೀರಡಿಕಿ ಇಲ್ಲ. …ತುಟಿ ಒಡದಾವಾ? ಬಿಸಲಿಗಿ ಒಡದಿರ್ತಾವ. ಅವರಿಗಿ ಕುಡಸ್ತೇನ್ರಿ, ನೀವು ಹೇಳಿದಂಗ, ತಾಸಿಗೊಮ್ಮೆ, ಬೆಲ್ಲ ತೋರಿಸಿ, ಮಜ್ಜಗಿ ಅಂತ ಸುಳ್ಳ ಹೇಳಿ. ನಾನು… ನಾನೂ ಕುಡೀತೇನಿ. ಯಾವಾಗರ. ಅವರು ಮಲಗಿದಾಗ. ನೀರ ಕುಡದ್ರ ಮತ್ತ ಎದ್ದ ಹೋಗಬೇಕಲ್ರಿ! ಹೋದ್ರ ಇವರನ್ನ ಯಾರು ನೋಡವರು? ಅದಕ್ಕ ಒಂದ ಗುಟುಕು, ಬಾಯಿ ತೋಯುವಷ್ಟ. ತಡಕೊಳ್ಳೂದು ರೂಢಿ ಆಗೇತಿ. ಹೆಣ್ಣಮಕ್ಕಳಿಗಿ ಅದೇನ ದೊಡ್ಡ ಮಾತಲ್ಲ ಬಿಡ್ರಿ. ನೀವ್ಯಾಕ ತಲಿ ಅಲ್ಲಾಡಸ್ತೀರಿ? ಗ್ಲಾಸ್ ಅಲ್ಲೇ ಇಡ್ರಿ. ಆಮ್ಯಾಲೆ ಕುಡೀತೇನಿ.

ನಡಗತೇನಾ? ಥಂಡಿ ಹತ್ತೇತ್ರಿ. ನಿಮ್ಮ ಫ್ಯಾನ್ ಜೋರ ಐತಿ.

…ಹಚ್ಚೇ ಇಲ್ಲಾ?

ಬ್ಯಾಡ್ರಿ, ನನ್ನ ಕೈ ಹಿಡೀಬ್ಯಾಡ್ರಿ! ನನಗೇನಾಗೇತಿ? ಒಲಿ ಮುಂದಿಂದ ಎದ್ದ ಬಂದೇನಿ, ಮೈ ಬೆಚ್ಚಗ ಇರ್ತೈತಿ. ನೀವು ಪೇಶಂಟನ್ನ ನೋಡೂದ ಬಿಟ್ಟು… ಬಾಯಾರ, ಒಂದ ಮಾತ ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನನ್ನ ಮಗಳು ಪಲ್ಲವಿ ನಿಮಗ ಫೋನ್ ಮಾಡ್ತಾಳ, ನನಗ ಗೊತ್ತೈತಿ. ಇಂಡಿಯೊಳಗ ಸಾಲಿ ಕಲಿಸ್ತಾಳ, ಸಂಸಾರ ಐತಿ, ಬರಾಕ ಆಗೂದಿಲ್ಲ, ಅದಕ್ಕ ನಿಮ್ಮನ್ನ ಕೇಳ್ತಾಳ, ನಮ್ಮವ್ವ ಹೆಂಗದಾಳ, ನಮ್ಮಪ್ಪ ಹೆಂಗದಾನ ಅಂತ. ನೀವು ಇದ್ದದ್ದ ಇದ್ದಂಗ ಹೇಳವರು. ಅಲ್ರಿ, ಹೇಳಬಾರದಂತ ಅಲ್ಲ… ಅಪ್ಪಂದು ಎಲ್ಲಾ ಹೇಳ್ರಿ. ಅವ್ವ ಗಟ್ಟಿ ಅದಾಳಂತ ಹೇಳ್ರಿ. ಅಷ್ಟ ಸಾಕು.

ಯಾಕಂದ್ರ… ಯಾಕಂದ್ರ ಹೋದ ಶ್ರಾವಣದಾಗ ನನ್ನ ವಿಜಯಪುರಕ್ಕ ಒಯ್ದಿದ್ರಲಾ, ದೊಡ್ಡ ದವಾಖಾನಿಗಿ. ಜ್ವರ ಬಂದಿತ್ತು. …ಎಂಥಾ ಜ್ವರ ಅಂದ್ರ, ಜ್ವರ್ರಿ. ಬರೇ ಜ್ವರ. ಚಳಿಜ್ವರ. ಏನಂತ ಬರದಿದ್ರೋ ನನಗ ಗೊತ್ತಿಲ್ಲ, ಇಂಗ್ಲೀಷಿನ್ಯಾಗ ಬರದಿದ್ರು. ಅದ ಬಿಡ್ರಿ. ನನ್ನ ಅಲ್ಲೆ ಮಲಗಿಸಿದ್ರು, ಇವರನ್ನ ಯಂಕಂಚಿಗಿ ಕಳಸಿದ್ರು, ಇವರ ತಮ್ಮ ಭೀಮೂನ ಮನಿಗಿ. ಭೀಮು ಕೆಟ್ಟಾವಲ್ರಿ. ಅಣ್ಣ ಅಂದ್ರ ಜೀವ. ಆದ್ರ ಹೊಲದಾಗ ಮನಿ, ಮನಿ ಮುಂದ ಬಾವಿ, ಬಾವಿಗಿ ಕಟ್ಟಿ ಇಲ್ಲ. ಇವರು ನಿಂತಲ್ಲಿ ನಿಲ್ಲೂದಿಲ್ಲ. ಅಂಜಿ… ಅಂಜೇ ಕಟ್ಟಿದ ಅವ. ಕಾಲಿಗಿ ಹಗ್ಗ ಕಟ್ಟಿ ಹೊರಸಿಗಿ ಬಿಗದ. ಎತ್ತ ಕಟ್ಟಿದಂಗ.

ನಾ ದವಾಖಾನಿಯಿಂದ ಬಿಡಿಸ್ಕೊಂಡು ಹೋದಾಗ ಬಾಗಲದಾಗ ನಿಂತು ಕರದೆ. ಕೇಳ್ರಿ ಇಲ್ಲೆ… ದವಾಖಾನಿಗಿ ನಾ ಹೋಗೂತನಕ ಇವರು ನನ್ನ ಹೆಸರ ಹಿಡದು ಕರೀತಿದ್ರು. ಬ್ಯಾರೆ ಎಲ್ಲಾ ಮರತಿದ್ರು, ಗುಂಡವ್ವ ಅನ್ನೂದ ಮರತಿರಲಿಲ್ಲ. ಅಡಗಿಮನ್ಯಾಗ ಇದ್ರೂ ಗುಂಡವ್ವಾ, ಬಚ್ಚಲದಾಗ ಇದ್ರೂ ಗುಂಡವ್ವಾ… ನನಗ ಬ್ಯಾಸರ ಬರ್ತಿತ್ತು, ಎಷ್ಟ ಒದರ್ತೀರಿ ಅಂತಿದ್ದೆ. ಅವತ್ತ ಯಂಕಂಚ್ಯಾಗ ನನ್ನ ನೋಡಿದ್ರು. ನೋಡಿ, ಕೈ ಮುಗದ್ರು. "ಅಕ್ಕಾರ, ಇದನ್ನ ಬಿಚ್ಚರ್ರಿ" ಅಂದ್ರು. ನನಗ, ಅಕ್ಕಾರ ಅಂತ! ಯಾರೋ ದಾರೀಲೆ ಹೋಗಾಕಿ ಅನ್ಕೊಂಡಿದ್ರು. ಆ ಹೆಸರು ಮತ್ತ ಅವರ ಬಾಯಾಗ ಬರಲಿಲ್ಲ ಬಾಯಾರ. ಅವತ್ತಿಂದ ಬಂದಿಲ್ಲ. ಪಾದದ ಮ್ಯಾಲ ಹಗ್ಗದ ಕಲಿ ಇನ್ನೂ ಐತಿ, ಕಾಲ್ಚೀಲ ತಗದ ನೋಡ್ರಿ ಬೇಕಾದ್ರ.

ಪಲ್ಲವಿ ಬಂದು ಅತ್ತಳು. ಅತ್ತು, ನನ್ನ ಕೈ ಹಿಡಕೊಂಡು ಹೇಳಿದ್ಲು, ಅವ್ವಾ, ಇನ್ನೊಮ್ಮೆ ನೀ ಹಿಂಗ ಬಿದ್ದೀ ಅಂದ್ರ ನಾ ಯಾರ ಮಾತೂ ಕೇಳಂಗಿಲ್ಲ, ಅಪ್ಪನ್ನ ಆಶ್ರಮಕ್ಕ ಬಿಟ್ಟು ನಿನ್ನ ನನ್ನ ಮನಿಗಿ ಒಯ್ತೇನಿ. ಇಬ್ಬರನ್ನೂ ಕಳಕೊಳ್ಳಾಕ ನನಗಾಗೂದಿಲ್ಲ ಅಂದ್ಲು. ಆಕಿ ಮಾತಿನ್ಯಾಗ ತಪ್ಪ ಐತೇನ್ರಿ? ಇಲ್ಲ. ನನ್ನ ಮ್ಯಾಲಿನ ಪ್ರೀತಿಲೆ ಅಂದ್ಲು. ಆದ್ರ ಆಶ್ರಮದಾಗ ಅವರೂ ಕಟ್ಟೂದಿಲ್ಲಂತ ಹೆಂಗ ನಂಬ್ಲಿ? ಇವರಿಗಿ ರೊಟ್ಟಿ ಮುರದು ಹಾಲಿನ್ಯಾಗ ನೆನಸಬೇಕು, ಅದೂ ಬಿಸಿ ಹಾಲಲ್ಲ. ಬೆನ್ನ ತಟ್ಟಿದ್ರ ನಿದ್ದಿ. ಯಾರಿಗಿ ಹೇಳ್ಲಿ ಅದನ್ನೆಲ್ಲಾ?

ಅದಕ್ಕ ನಾ ಬೀಳಂಗಿಲ್ರಿ. ನಾ ಗಟ್ಟಿ ಅದೇನಿ.

ಬಂದ್ರು! ಬಂದ್ರು ನೋಡ್ರಿ! ಬರ್ರಿ, ಬರ್ರಿ, ಇಲ್ಲೆ ಕುಂದರ್ರಿ. ಕೈ ತೊಳಿಸಿದ್ಯೇನೋ ಸೋಮನಿಂಗಣ್ಣಾ? …ಹಿಡದ್ಯಾ? ಖರೇನ ಹಿಡದ್ಯಾ? ಇಷ್ಟ ಲಗೂ ಬಂತಾ? ಅವರಿಗಿ ಉರೀಲಿಲ್ಲಾ? ಅಂದ್ರ… ಮಾರಿ ಕಿವಚಲಿಲ್ಲಾ?

…ಹಾಡ ಗುಣಗುಣಸಿದ್ರಾ.

ಬಾಯಾರ, ಇನ್ನೊಂದ ಪಟ್ಟಿ ಯಾಕ ತಗೋತೀರಿ? ನಾ ತಂದ ಬಾಟ್ಲ್ಯಾಗ ಅದ್ದಿದ್ರಲಾ ಆಗಲೇ ಒಂದ ತಪಾಸಣಿ ಪಟ್ಟಿ, ಮತ್ತ ಇದಕ್ಕ್ಯಾಕ? ಎರಡೂ ಒಬ್ಬರದ… ಮನ್ಯಾಗ ಹಿಡದದ್ದು, ಇಲ್ಲೆ ಹಿಡದದ್ದು, ಅಷ್ಟ ಫರಕ…

ಬಾಜೂಕ ಬಾಜೂಕ ಇಡಬ್ಯಾಡ್ರಿ.

ನನಗೇನ ತಿಳೀತೈತಿ ಅದರಾಗ? ಒಂದು ಬಣ್ಣ ತಿರಗೇತಿ. ಒಂದು ತಿರಗಿಲ್ಲ. ಹಂಗಾದ್ರ… ನಿಮ್ಮ ಪಟ್ಟಿ ಹಳೇವಿರಬೇಕು. ಸೋಮನಿಂಗ ಬಾಟ್ಲಿ ಬದಲಿ ಮಾಡಿರಬೇಕು. ಬ್ಯಾರೆ ಯಾರದೋ ತಂದಾನ. ಕೇಳ್ರಿ ಅವನ್ನ! ಇಲ್ಲಾಂದ್ರ… ಇಲ್ಲಾಂದ್ರ ಇವರಿಗಿ ಈಗ, ಇಲ್ಲಿ ಬರೂದ್ರಾಗ ಆರಾಮ ಆಗಿರಬೇಕು. ಆಗೂದಿಲ್ಲೇನ್ರಿ ಹಂಗ? ಕೆಲವರಿಗಿ ಆಗತೈತಿ…

ಏನರ ಅನ್ರಿ.

ಬಾಯಾರ?

ಬೈರಿ ಬೇಕಾದ್ರ. ಗುಳಿಗಿ ಅರ್ಧಕ್ಕ ಬಿಟ್ಟಿದ್ದಕ್ಕ ಬೈದ್ರೆಲ್ಲಾ, ಹಂಗ ಬೈರಿ. ಹಿಂಗ ನನ್ನ ಮಾರಿ ನೋಡಬ್ಯಾಡ್ರಿ. ನನಗ ಅಂಜಿಕಿ ಬರಾಕತ್ತೈತಿ… ಅಂಜಿಕಿ ಬರ್ತೈತಿ ನನಗ… ಪಟ್ಟಿ ತಗೀರಿ ಮೊದಲ ಆ ಟೇಬಲ್ ಮ್ಯಾಲಿಂದ. ಅದರಾಗ ಕೆಂಪ ಐತಲ್ಲಾ ಆ ಬಾಟ್ಲ್ಯಾಗ, ಅದು… ಗಜ್ಜರಿ ತಿಂದದ್ದಕ್ಕ…

…

ನಂದ್ರಿ.

ನಂದು. ಪ್ರತಿ ಸಲಾನೂ ನಂದ ಇತ್ತು. ಅವರ ಹೆಸರಿಲೆ ಗುಳಿಗಿ ಬರಸಿ ಒಯ್ದು ನಾ ನುಂಗಿದೆ. ಜ್ವರಾನೂ ನಂದ, ಕೌದಿನೂ ನಾನ ಹೊಚ್ಚಕೊಂಡೆ, ಇವರು ಬಾಜೂಕ ಕುಂತು ಕೌದಿ ದಾರ ಜಗ್ಗಾಕತ್ತಿದ್ರು… ಫೋನ್! ಫೋನ್ ಯಾಕ ತಗೊಂಡ್ರಿ? ಪಲ್ಲವಿಗಾ? ಕಾಲ ಬೀಳ್ತೇನ್ರಿ, ಬ್ಯಾಡ್ರಿ! ಸೂಜಿ ಹಾಕ್ರಿ, ಎಷ್ಟ ಹಾಕ್ತೀರಿ ಹಾಕ್ರಿ, ದಿನಾ ಬಂದು ಹಾಕಸ್ಕೊಂಡು ಹೋಗ್ತೇನಿ, ಆದ್ರ ಮಲಗಸಬ್ಯಾಡ್ರಿ ನನ್ನ. ನಾ ಮಲಗಿದ್ರ ಇವರನ್ನ ಕಟ್ಟತಾರ…

…ಫೋನ್ ಬೋರಲ ಇಟ್ರಿ. ಇಡ್ರಿ, ಅಲ್ಲೇ ಇಡ್ರಿ. ದೇವರು ನಿಮ್ಮನ್ನ ತಣ್ಣಗ ಇಟ್ಟಿರ್ಲಿ.

ಆ ಕಡೆ ಯಾಕ ಕೈ ಮಾಡ್ತೀರಿ? ಅದು ಮಲಗೂ ಖೋಲಿ. ಕಂಡೇನ್ರಿ, ಕಾಟ್ ಕಂಡೇನಿ. ಇಲ್ಲ, ನಾ ಅಲ್ಲೆ… ಏನು? ಬಾಜೂ ಕಾಟು? ಅದು ಯಾರಿಗಿ? …ಇವರಿಗಾ?

ಇಬ್ಬರೂ, ಒಂದ ಖೋಲ್ಯಾಗಾ?

ಇವರು ನಿಲ್ಲೂದಿಲ್ರಿ ಬಾಯಾರ. ಎದ್ದ ಹೋಗ್ತಾರ. ಸಲಾಯಿನ್ ಕಿತ್ತಿ ಹಾಕ್ತಾರ. ಮಂದಿ ಏನಂದಾರು… ನನಗೇನೂ ತಿಳೀವಲ್ದು ಈಗ. ತಲಿ ತಿರಗಾಕತ್ತೈತಿ. ನೀವ್ಯಾಕ ಎದ್ರಿ? ಈ ಕಡೆ ಯಾಕ ಬಂದ್ರಿ? ನಿಮ್ಮ ಕುರ್ಚಿ ಬಿಟ್ಟು ಇವರ ಬಾಜೂಕ… ಹೊರಗ ಮಂದಿ ಪಾಳಿ ಹಚ್ಯಾರ, ನೀವು ಇವರ ಕೈ ಹಿಡಕೊಂಡ ಕುಂತ್ರ ಹೆಂಗ?

ನೋಡ್ರಿ… ಸುಮ್ನ ಕುಂತಾರ. ಜಗ್ಗಾಕತ್ತಿಲ್ಲ.

ಬಾಯಾರ, ಒಂದ ಮಾತ. ಹೇಳಾಕ ನಾಚಿಕಿ ಬರ್ತೈತಿ. ಬಾಟ್ಲಿ ಹಿಡದ ಮ್ಯಾಲ ನಾ ಮತ್ತ ಒಂದಕ್ಕ ಹೋಗಿಲ್ಲ. ಇನ್ನ ತಡಕೊಳ್ಳಾಕ ಆಗವಲ್ದು ನನಗ. ಸಂಡಾಸ ಅದಾ ಏನ್ರಿ, ಪಡಸಾಲಿ ಕಡೀಕ? ಮನ್ಯಾಗ ನಾ ಬಾಗಲಾ ತೆರದ ಇಟ್ಟ ಕುಂದರ್ತೇನಿ, ಇವರು ಕಣ್ಣಿಗಿ ಕಾಣಬೇಕಲ್ಲ… ಇಲ್ಲಿ ಹಂಗ ಮಾಡಾಕ ಆಗೂದಿಲ್ಲ.

ಇವರು ಜಗ್ಗಿದ್ರೂ ನೀವು ಕೈ ಬಿಡೂದಿಲ್ಲಲಾ?

…ಹಂಗಾದ್ರ ಬಾಗಲಾ ಹಾಕ್ಕೋತೇನ್ರಿ.